ಕುಳಿಗೆ ಒಂದು ಮೊಳ

ಬುಧವಾರ ಅರ್ಧ ದಿನದ ರಜೆ. ಕ್ಷೌರದ ಅಂಗಡಿಯ ಬಾಗಿಲು ಹಾಕುವಾಗ ನಿನಿಯನ್ ರೇಬರ್ನ್ ತನ್ನ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ. ಬೀಗದ ಕೈ ತೂತಿಗೆ ನೆಟ್ಟಗೆ ಹೋಯಿತು, ತಿರುಗಿತು, ಹೊರಗೆ ಬಂತು. ಒಂದಿಷ್ಟೂ ತಕರಾರಿಲ್ಲ. ಹಾಳಾದದ್ದು, ಇಂಥದಕ್ಕೆಲ್ಲ ಎಷ್ಟು ಸಭ್ಯವಾಗಿರುತ್ತದೆ ನೋಡು, ಎಂದುಕೊಂಡ. ಬೆಳಿಗ್ಗೆಯೂ ಸಭ್ಯವಾಗಿಯೇ ಇತ್ತು. ಹ್ಯೂಗೀ ಲೋರಿಮರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೀನು ಹೊಗೆಯಾಡಿಸುವ ತನ್ನ ಶೆಡ್ಡಿನ ವಾಸನೆಯನ್ನು ಅಂಗಡಿಯ ತುಂಬ ಹರಡಿಕೊಂಡು, ಗಲ್ಲ ಮೇಲೆತ್ತಿ ಕಣ್ಣು ಮುಚ್ಚಿದ್ದ. "ಮಧ್ಯಾಹ್ನ ಗಾಲ್ಫ್ ಬಯಲಲ್ಲಿ ನಿನ್ನ ಚರ್ಮ ಸುಲೀತೀನಿ ಕಣೋ ನಿನಿಯನ್," ಅಂದಿದ್ದ. "ಸದ್ಯಕ್ಕೆ ನಿನ್ನ ಚರ್ಮ ನನ್ನ ಕೈಲಿದೆ, ಬಾಯಿ ಮುಚ್ಕೊಂಡಿರು," ಎಂದು ನಿನಿಯನ್ ಎಂದಿನಂತೆಯೇ ಹೇಳಿದ್ದ. ಸಾಲಾಗಿ ಕೂತವರೆಲ್ಲ ನಕ್ಕಿದ್ದರು. ಹ್ಯೂಗೀ ಅರ್ಧ ನಿದ್ದೆಗೇ ಜಾರಿದ್ದ. ನೊರೆಯ ಅಡಿಯಲ್ಲಿ ಗಂಟಲಮಣಿ ಮೇಲೆ ಕೆಳಗೆ ಆಡುತ್ತಿತ್ತು. ಕತ್ತಿ ಅದರ ಪಕ್ಕದಿಂದ ಹಾಯ್ದು ಕಿವಿಯ ಕೆಳಗೆ ಬರುವವರೆಗೂ ನಿನಿಯನ್ ಉಸಿರು ಬಿಟ್ಟಿರಲಿಲ್ಲ. ಆಮೇಲೆ ಬಿಸಿ ಬಟ್ಟೆ ಹಿಂಡುವ ನೆಪದಲ್ಲಿ ಒಳಗೆ ಹೋಗಿ ಗೋಡೆಗೆ ಆತುಕೊಂಡು ನಿಂತಿದ್ದ. ಮೂವತ್ತು ವರ್ಷ ಊರಿನ ಗಂಡಸರ ಕತ್ತುಗಳನ್ನು ಕಂಡವನು, ಹೊಸ ಕೆಲಸಗಾರನ ಹಾಗೆ.

ಅದು ಶುರುವಾದದ್ದು ಕಳೆದ ಚಳಿಗಾಲದಲ್ಲಿ, ಕತ್ತಿಯಿಂದಲ್ಲ, ಗಾಲ್ಫ್ ಚೆಂಡಿನಿಂದ. ಎಂಟನೆಯ ಗ್ರೀನಿನ ಮೇಲೆ, ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನಲ್ಲಿ, ಕುಳಿಗೆ ಒಂದು ಮೊಳ ದೂರದಲ್ಲಿ, ಕಣ್ಣು ಮುಚ್ಚಿಕೊಂಡು ತಳ್ಳಿದರೂ ಒಳಗೆ ಬೀಳುವ ಚೆಂಡು. ಕೋಲನ್ನು ಹಿಂದಕ್ಕೆ ಸರಿಸಿದ, ಮುಂದಕ್ಕೆ ತರುವಾಗ ಬಲಗೈ ತಾನಾಗಿ ಎಗರಿತು. ಯಾರೋ ಹಿಂದಿನಿಂದ ಮೊಣಕೈ ತಟ್ಟಿದ ಹಾಗೆ. ಚೆಂಡು ಕುಳಿಯನ್ನು ದಾಟಿ ಅಷ್ಟು ದೂರ ಹೋಯಿತು. ಅವತ್ತು ಗಾಳಿಯನ್ನು ಬೈದ. ಆಮೇಲೆ ನೋಡಿದರೆ ದೂರದ ಹೊಡೆತಕ್ಕೆ ಏನೂ ಇಲ್ಲ, ನಡುವಿನ ದೂರಕ್ಕೂ ಏನೂ ಇಲ್ಲ, ಕುಳಿ ಹತ್ತಿರ ಬಂದಾಗ ಮಾತ್ರ. ತಪ್ಪಲು ಸಾಧ್ಯವೇ ಇಲ್ಲದಷ್ಟು ಹತ್ತಿರ ಬಂದಾಗ ಮಾತ್ರ. ಮನೆಯಲ್ಲಿ ಹೆಂಡತಿ ಎಫಿ ಅವನ ಕೈಗೆ ತುಂಬಿದ ಟೀ ಕಪ್ಪು ಕೊಟ್ಟು, "ನೋಡು, ಒಂದು ಹನಿ ಚೆಲ್ಲಿಲ್ಲ, ಸುಮ್ಮನೆ ಮನಸ್ಸಿಗೆ ಹಚ್ಕೊಂಡಿದೀಯ," ಎಂದು ಗದರಿದ್ದಳು. ಡಾಕ್ಟರ ಹತ್ತಿರ ಹೋಗುವುದು ಹೇಗೆ? ಡಾಕ್ಟರೂ ಶನಿವಾರ ಶನಿವಾರ ಅದೇ ಕುರ್ಚಿಯಲ್ಲಿ ಗಲ್ಲ ಎತ್ತುವವನೇ. ಇದು ಗಾಲ್ಫಿನ ರೋಗ, ಬೇರೆ ಎಷ್ಟೋ ಜನರಿಗೆ ಬಂದಿದೆ, ಅಂಗಡಿಗೂ ಇದಕ್ಕೂ ಸಂಬಂಧವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ, ಹೋದ ಶನಿವಾರದ ತನಕ. ಹೋದ ಶನಿವಾರ ಎಫಿಯ ತಮ್ಮ ಡೂಗಲ್ ಪೀಟ್ರಿಯ ದವಡೆಯ ಕೆಳಗೆ ಕತ್ತಿ ಒಂದು ಕೆಂಪು ಗೆರೆ ಎಳೆಯಿತು. ಡೂಗಲ್ ಕೆಮ್ಮಿದನೋ, ಕೈ ಎಗರಿತೋ? ಕೆಮ್ಮು ಮೊದಲೋ, ಗೆರೆ ಮೊದಲೋ? ಡೂಗಲ್ ಕಟುಕ. ರಕ್ತಕ್ಕೆ ಹೆದರುವವನಲ್ಲ. ಬೆರಳಲ್ಲಿ ಒರೆಸಿಕೊಂಡು, ಕನ್ನಡಿಯಲ್ಲಿ ನಿನಿಯನ್‌ನನ್ನು ಒಂದು ಗಳಿಗೆ ನೋಡಿ, "ನಂದೇ ತಪ್ಪು, ಕೆಮ್ಮಿಬಿಟ್ಟೆ," ಅಂದ. ಅವನು ಕೆಮ್ಮಿದ ಸದ್ದು ಕೇಳಿದ ನೆನಪು ನಿನಿಯನ್‌ಗೆ ಎಷ್ಟು ಕೆದಕಿದರೂ ಸಿಗಲಿಲ್ಲ.

ಈಗ ಅದೇ ಡೂಗಲ್ ಮೊದಲನೆಯ ಟೀಯ ಬಳಿ, ಆಟ ಶುರುಮಾಡುವ ಜಾಗದಲ್ಲಿ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಇವತ್ತಿನ ಆಟದಲ್ಲಿ ತನ್ನ ಜೋಡಿಯಾದ ನಿನಿಯನ್‌ಗಾಗಿ ಕಾಯುತ್ತಿದ್ದ. ಒಂದೇ ಬಯಲಿನಲ್ಲಿ ಆಡುವ ಎರಡು ಕ್ಲಬ್ಬುಗಳು, ಒಂದು ಅಂಗಡಿಯವರದು, ಇನ್ನೊಂದು ಬಂದರಿನವರದು. ವರ್ಷಕ್ಕೊಮ್ಮೆ ಬಹುಮಾನದ ಬಟ್ಟಲಿಗಾಗಿ ಜೋಡಿ ಜೋಡಿಯಾಗಿ ಸೆಣಸುತ್ತವೆ. ಜೋಡಿಗೆ ಒಂದೇ ಚೆಂಡು. ಒಬ್ಬ ಹೊಡೆದದ್ದನ್ನು ಇನ್ನೊಬ್ಬ ಹೊಡೆಯಬೇಕು, ಅವನು ಎಲ್ಲಿಗೆ ಹಾಕಿದರೂ ಅಲ್ಲಿಂದಲೇ. ಕಡಿಮೆ ಹೊಡೆತದಲ್ಲಿ ಮುಗಿಸಿದವರಿಗೆ ಆ ಕುಳಿ, ಹದಿನೆಂಟರಲ್ಲಿ ಹೆಚ್ಚು ಕುಳಿ ಗೆದ್ದವರಿಗೆ ಆಟ. ಉಳಿದ ಜೋಡಿಗಳ ಆಟ ಹಿಂದಿನ ಬುಧವಾರಗಳಲ್ಲೇ ಮುಗಿದು ಎರಡೂ ಕಡೆ ಸಮ ಆಗಿತ್ತು. ಹಾಗಾಗಿ ಈ ಆಟವನ್ನು ನೋಡಲು ಕ್ಲಬ್ಬಿನ ಮನೆಯ ಕಿಟಕಿಗಳ ಹಿಂದೆ ಊರೇ ಸೇರಿತ್ತು. ಬೇಕರಿಯವನು, ಬ್ಯಾಂಕಿನವನು, ದೋಣಿಕಟ್ಟೆಯವರು. ನಿನಿಯನ್‌ಗೆ ಅವರ ಮುಖ ಕಾಣಲಿಲ್ಲ, ಕತ್ತುಗಳು ಕಂಡವು. ಯಾವನಿಗೆ ಎಲ್ಲಿ ನರೂಲಿ, ಯಾವನ ಗಡ್ಡ ಯಾವ ಕಡೆಗೆ ಬೆಳೆಯುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಇವತ್ತು ಈ ಜನರೆದುರು ಕೈ ಎಗರಿದರೆ ನಾಳೆಯಿಂದ ಆ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಯಾರೂ ಒರಟಾಗಿ ಹೇಳುವುದಿಲ್ಲ. ಗಡ್ಡ ಬಿಡುತ್ತಿದ್ದೇನೆ ಅನ್ನುತ್ತಾರೆ. ಮಗ ಕರೆಂಟಿನ ಯಂತ್ರ ತಂದುಕೊಟ್ಟ ಅನ್ನುತ್ತಾರೆ. ಮರ್ಯಾದಸ್ಥರು.

"ಏನಯ್ಯ, ಮದುವೆಗೆ ಹೊರಟವನ ಹಾಗೆ ಇಷ್ಟು ಹೊತ್ತು ಮಾಡ್ದೆ?" ಎಂದು ಹ್ಯೂಗೀ ಕೂಗಿದ. ಅವನ ಕೆನ್ನೆ ಮಗುವಿನದರ ಹಾಗೆ ನುಣ್ಣಗಿತ್ತು. ಅವನ ಜೊತೆಗಾರ ಎಕ್ ಬಾಯ್ಡ್, ಊರಿನ ಅಂಚೆಯವನು, ಮಾತು ಖರ್ಚು ಮಾಡದವನು, ತಲೆ ಮಾತ್ರ ಆಡಿಸಿದ.

"ನಿನ್ನ ಮೂತಿ ಕೆರೆದು ಕತ್ತಿ ಮೊಂಡಾಗಿತ್ತು, ಮಸೀತಾ ಇದ್ದೆ," ಎಂದ ನಿನಿಯನ್. ಧ್ವನಿ ಸರಿಯಾಗಿಯೇ ಬಂತು.

ಹೋಗುವಾಗ ಗಾಳಿ ಎದುರಿಗೆ. ಎಡಕ್ಕೆ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನೆ ಗುರುಗುಟ್ಟುತ್ತಿತ್ತು. ಆ ಬಯಲಿನಲ್ಲಿ ಸಮತಟ್ಟಾದ ಜಾಗ ಒಂದೂ ಇಲ್ಲ. ಒಳ್ಳೆಯ ಹೊಡೆತ ದಿಬ್ಬಕ್ಕೆ ತಾಗಿ ಪಕ್ಕಕ್ಕೆ ಜಾರುತ್ತದೆ, ಆಳೆತ್ತರದ ಮರಳುಗುಂಡಿಗೆ ಉರುಳುತ್ತದೆ. ಕೆಟ್ಟ ಹೊಡೆತ ಅದೇ ದಿಬ್ಬದ ಮೇಲೆ ಪುಟಿದು ಗ್ರೀನಿಗೆ ಹೋಗಿ ಕೂರುತ್ತದೆ. ಇದನ್ನು ಅನ್ಯಾಯ ಅನ್ನುವವರು ಈ ಊರಿನಲ್ಲಿ ಹುಟ್ಟಿದವರಲ್ಲ. ನಿನಿಯನ್ ಕಬ್ಬಿಣದ ಕೋಲಿನಿಂದ ಚೆಂಡನ್ನು ನೆಲಕ್ಕೆ ಹತ್ತಿರವಾಗಿಯೇ, ಗಾಳಿಯ ಕಂಕುಳಡಿಯಲ್ಲಿ ನುಸುಳಿಸಿ ಹೊಡೆಯುತ್ತಿದ್ದ. ಅದನ್ನು ಕಲಿಸಿದ್ದು ಅಪ್ಪ, ಇದೇ ಹುಲ್ಲಿನ ಮೇಲೆ, ಮಾತಿಲ್ಲದೆ, ತನ್ನ ಕೈಯನ್ನು ಮಗನ ಕೈಯ ಮೇಲಿಟ್ಟು. ಅಪ್ಪನೂ ಕ್ಷೌರಿಕನೇ. ಮುಷ್ಟಿ ಬಿಗಿ ಮಾಡಬೇಡ, ಗುಬ್ಬಿ ಹಿಡಿದ ಹಾಗೆ ಹಿಡಿ, ಎನ್ನುತ್ತಿದ್ದ, ಕೋಲಿಗೂ ಅದನ್ನೇ, ಕತ್ತಿಗೂ ಅದನ್ನೇ. ಆ ಕೈಗೂ ಹೀಗಾಗಿತ್ತೇ? ಅಪ್ಪ ಒಂದು ವಸಂತದಲ್ಲಿ ಇದ್ದಕ್ಕಿದ್ದ ಹಾಗೆ ಆಟ ಬಿಟ್ಟುಬಿಟ್ಟಿದ್ದ, ಸೊಂಟ ನೋವು ಎಂದಿದ್ದ. ಸೊಂಟ ನೋವಿರುವವನು ದಿನವಿಡೀ ಕುರ್ಚಿಯ ಸುತ್ತ ನಿಂತಿರುತ್ತಿದ್ದುದು ನಿನಿಯನ್‌ಗೆ ಆಗ ಹೊಳೆದಿರಲಿಲ್ಲ.

ಮೂರನೆಯ ಕುಳಿಯಲ್ಲಿ ನಿನಿಯನ್ ಜೋಡಿಯ ಚೆಂಡು ಗೇಣುದ್ದ ದೂರದಲ್ಲಿ ನಿಂತಿತು. ನಿನಿಯನ್‌ನ ಸರದಿ. "ಕೊಟ್ಟೆ," ಎಂದ ಹ್ಯೂಗೀ, ನೋಡದೆಯೇ. ಇಷ್ಟು ಹತ್ತಿರದ್ದನ್ನು ಎದುರಾಳಿ ಕೊಟ್ಟುಬಿಡುವುದು ವಾಡಿಕೆ. ಬಿದ್ದಂತೆಯೇ ಲೆಕ್ಕ, ಎತ್ತಿಕೊಂಡು ಮುಂದೆ ನಡೆಯಬೇಕು. ಒಮ್ಮೆ ಕೊಟ್ಟದ್ದನ್ನು ಕೊಟ್ಟವನು ಹಿಂದಕ್ಕೆ ಪಡೆಯುವಂತಿಲ್ಲ, ಪಡೆದವನು ಬೇಡ ಅನ್ನುವಂತಿಲ್ಲ. ಐದನೆಯದರಲ್ಲೂ ಹಾಗೇ ಆಯಿತು. ಪ್ರತಿ ಸಲ ಗ್ರೀನಿನ ಕಡೆ ನಡೆಯುವಾಗ ತನ್ನ ಕಿವಿ ಆ ಒಂದು ಮಾತಿಗಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿರುವುದು ನಿನಿಯನ್‌ಗೆ ಗೊತ್ತಾಯಿತು. ಚರ್ಚಿನ ಬಾಗಿಲಲ್ಲಿ ಟೋಪಿ ಹಿಡಿದು ನಿಂತವನ ಹಾಗೆ. ಥೂ, ಎಂದುಕೊಂಡ. ಆದರೂ ಕಾದ.

ಹನ್ನೆರಡನೆಯದರಲ್ಲಿ ಸರದಿ ಹೇಗೆ ಬೀಳುತ್ತದೆಂದು ಅವನು ನಡೆಯುತ್ತಲೇ ಎಣಿಸಿದ್ದ. ಡೂಗಲ್ ದೂರ ಹೊಡೆದ, ತಾನು ಗ್ರೀನಿಗೆ ಹಾಕಿದ. ಇನ್ನು ಡೂಗಲ್ ಉದ್ದಕ್ಕೆ ತಳ್ಳುತ್ತಾನೆ, ಕುಳಿಯ ಹತ್ತಿರದ್ದು ತನಗೆ. ಡೂಗಲ್ ಎಷ್ಟು ದೂರದಿಂದ ತಳ್ಳಿದರೂ ಚೆಂಡು ಕುಳಿಯ ಬಾಯಿಗೆ ಹೋಗಿ ಮಲಗುತ್ತದೆಂದು ಎರಡೂ ಕ್ಲಬ್ಬಿನವರು ಒಪ್ಪಿಕೊಂಡ ಮಾತು. ಡೂಗಲ್ ಕುಕ್ಕರುಗಾಲಿನಲ್ಲಿ ಕೂತು ಇಳಿಜಾರನ್ನು ನೋಡಿದ, ಎದ್ದ, ತಳ್ಳಿದ. ಚೆಂಡು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಎಕ್ ಬಾಯ್ಡ್ ಕೂಡ ತಲೆ ಎತ್ತಿ ನೋಡಿದ. "ಛೆ, ಹುಲ್ಲು ಒದ್ದೆಯಾಗಿದೆ," ಎಂದ ಡೂಗಲ್. ಹುಲ್ಲು ಒಣಗಿ ಗರಗರ ಎನ್ನುತ್ತಿತ್ತು. ಉಳಿದ ಅರ್ಧ ದಾರಿಯನ್ನು ನಿನಿಯನ್ ತಳ್ಳಿದ, ಕೈ ಹಾಲಿನಂತೆ ಸರಾಗವಾಗಿ ಹೋಯಿತು, ಚೆಂಡು ಕುಳಿಯ ಪಕ್ಕ ನಿಂತಿತು. ಡೂಗಲ್ ಅದನ್ನು ಒಳಗೆ ಬೀಳಿಸಿದ. ಒಂದು ಹೊಡೆತ ವ್ಯರ್ಥ. ಆ ಕುಳಿ ಹೋಯಿತು, ಆಟದಲ್ಲಿ ಒಂದು ಹಿಂದೆ ಬಿದ್ದರು. ಬೇಕೆಂದೇ ಮಾಡಿದ. ಭಾವನಿಗೆ ಹತ್ತಿರದ್ದು ಬರದಿರಲಿ ಎಂದು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿದ. ನಿನಿಯನ್‌ಗೆ ಮೈಯೆಲ್ಲ ಬಿಸಿಯಾಯಿತು. ಕೃತಜ್ಞತೆ ಬರಬೇಕಿತ್ತು, ಬರಲಿಲ್ಲ. ಎಲ್ಲರೆದುರು ಬಾಯಿಗೆ ಚಮಚ ಹಿಡಿದ ಹಾಗಾಯಿತು.

"ಡೂಗಲ್," ಎಂದ, ಮುಂದಿನ ಟೀಗೆ ನಡೆಯುವಾಗ.

"ಏನು?"

"ಹೋದ ಶನಿವಾರ ನೀನು ಕೆಮ್ಮಿದೆಯಾ?"

ಡೂಗಲ್ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದ. "ಗಾಳಿ ನೋಡು, ಎಷ್ಟು ಬೀಸ್ತಿದೆ. ಹೊಡಿ, ನಿನ್ನ ಸರದಿ," ಎಂದ.

ಆ ಕೋಪದಲ್ಲಿ ಹೊಡೆದದ್ದಕ್ಕೆ ಚೆಂಡು ಬಲಕ್ಕೆ ಹಾರಿ ಹಳದಿ ಹೂವಿನ ಮುಳ್ಳುಪೊದೆಯೊಳಗೆ ಬಿತ್ತು. ನಿನಿಯನ್ ಹುಡುಕಲು ನುಗ್ಗಿದ. ಎಕ್ ಅವನ ಹಿಂದೆ ಬಂದು ತನ್ನ ಕೋಲಿನಿಂದ ಕೊಂಬೆಗಳನ್ನು ಎತ್ತಿ ಎತ್ತಿ ನೋಡಿದ. ಮುಳ್ಳು ಕೋಟಿನ ತೋಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ತಲೆ ತಿರುಗಿಸಿದಾಗ ದಾರಿಯ ಮೇಲೆ ಡೂಗಲ್ ಮತ್ತು ಹ್ಯೂಗೀ ನಿಂತಿರುವುದು ಕಂಡಿತು. ಡೂಗಲ್ ಮಾತಾಡುತ್ತಿದ್ದ. ಸದ್ದು ಗಾಳಿಗೆ ಹೋಗುತ್ತಿತ್ತು. ಹ್ಯೂಗೀ ಮೊದಲು ನಗುತ್ತಿದ್ದವನು ನಗು ನಿಲ್ಲಿಸಿದ. ಡೂಗಲ್ ತನ್ನ ಬಲಗೈಯನ್ನು ಮುಂದಕ್ಕೆ ಚಾಚಿ ಸಣ್ಣಗೆ ಕೊಡಹಿ ತೋರಿಸಿದ. ಅಷ್ಟೇ. ನಿನಿಯನ್ ಪೊದೆಯೊಳಗೇ ನಿಂತುಬಿಟ್ಟ. ಎಫಿಯ ಮದುವೆಯ ದಿನ ಇದೇ ಡೂಗಲ್ ಹದಿನೆಂಟರ ಮುಂಗೋಪಿ, ಅಕ್ಕನನ್ನು ನೋಯಿಸಿದರೆ ಕೊಕ್ಕೆಗೆ ನೇತುಹಾಕುತ್ತೇನೆ ಎಂದು ಬೆರಳು ತೋರಿಸಿ ಹೆದರಿಸಿದ್ದ. ಅವತ್ತಿನಿಂದ ಅವನ ಮೇಲೆ ಒಂದು ಪ್ರೀತಿ. ಒಳ್ಳೆಯದಕ್ಕೇ ಹೇಳಿರುತ್ತಾನೆ. ಒಳ್ಳೆಯದಕ್ಕೇ ನನ್ನನ್ನು ಬೆತ್ತಲೆ ಮಾಡಿದ್ದಾನೆ. "ಸಿಕ್ತು," ಎಂದ ಎಕ್, ಅವತ್ತಿನ ಅವನ ಮೊದಲ ಮಾತು.

ಆ ಕುಳಿಯನ್ನು ಹೇಗೋ ಸಮ ಮಾಡಿಕೊಂಡರು. ಆದರೆ ಆಮೇಲೆ ಹ್ಯೂಗೀ ಬದಲಾದ. ಕಾಲೆಳೆಯುವುದು ನಿಂತಿತು. ಸಣ್ಣ ವಿಷಯಕ್ಕೂ "ಚೆನ್ನಾಗಿ ಹೊಡೆದೆ ನಿನಿಯನ್" ಎಂದ, ಕಾಯಿಲೆಯವರ ಮನೆಗೆ ಹಣ್ಣು ತಂದವನ ದನಿಯಲ್ಲಿ. ಹದಿನಾಲ್ಕನೆಯದರಲ್ಲಿ ಚೆಂಡು ಕುಳಿಯಿಂದ ಒಂದು ಆಳಿನಷ್ಟು ದೂರ ಇರುವಾಗಲೇ "ಕೊಟ್ಟೆ" ಅಂದುಬಿಟ್ಟ. ಎಕ್ ಅವನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. ಆ ಕುಳಿ ಇವರದಾಯಿತು, ಆಟ ಸಮ ಆಯಿತು. ನಿನಿಯನ್ ಚೆಂಡು ಎತ್ತಿಕೊಂಡು, ಅದನ್ನು ಸಮುದ್ರಕ್ಕೆ ಎಸೆಯಬೇಕೆನ್ನಿಸಿ, ಜೇಬಿಗೆ ಹಾಕಿಕೊಂಡ. ಬೆಳಿಗ್ಗೆ ಈ ಮನುಷ್ಯ ನನ್ನ ಕತ್ತಿಯ ಕೆಳಗೆ ನಿದ್ದೆ ಹೋಗಿದ್ದ. ಅದು ಬೆಳಿಗ್ಗೆ. ಅವನಿಗೆ ಆಗ ಗೊತ್ತಿರಲಿಲ್ಲ. ಈಗ ಗೊತ್ತು, ಅದಕ್ಕೇ ಕೊಡುತ್ತಿದ್ದಾನೆ. ಏನೇನು ಕೊಡುತ್ತಾನೆ ಇವನು? ಎಲ್ಲಿಯವರೆಗೆ ಕೊಡುತ್ತಾನೆ? ಗಾಳಿ ಈಗ ಬೆನ್ನಿಗೆ ಬಂದಿತ್ತು. ಕಡಲಿನ ಮೇಲಿಂದ ಮಂಜು ಎದ್ದು ದಡದ ಹುಲ್ಲನ್ನು ಮುಟ್ಟುತ್ತಿತ್ತು, ಕ್ಲಬ್ಬಿನ ಮನೆಯ ಕಿಟಕಿಗಳು ಅದರೊಳಗಿಂದ ಒಂದೊಂದಾಗಿ ಹತ್ತಿರವಾದವು. ಹದಿನೈದರಿಂದ ಹದಿನೇಳರವರೆಗೆ ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ.

ಕೊನೆಯದರಲ್ಲಿ ಎಕ್‌ನ ಹೊಡೆತ ಹಳ್ಳಕ್ಕೆ ಬಿತ್ತು. ಅವರು ಹೇಗೋ ಸಾವರಿಸಿಕೊಂಡು ಐದು ಹೊಡೆತದಲ್ಲಿ ಮುಗಿಸಿದರು. ಡೂಗಲ್ ನೇರಕ್ಕೆ ದೂರ ಕಳಿಸಿದ. ಎರಡನೆಯದು ನಿನಿಯನ್‌ನದು. ಹಳ್ಳದ ಆಚೆ, ಮಂಜಿನಲ್ಲಿ ಬಾವುಟ ಇದೆಯೋ ಇಲ್ಲವೋ ಎಂಬಷ್ಟು. ಕೋಲು ಹಿಡಿದಾಗ ಮಾತ್ರ ಎಲ್ಲ ಮರೆತುಹೋಯಿತು. ಗುಬ್ಬಿ ಕೈಯಲ್ಲಿ ಬೆಚ್ಚಗಿತ್ತು. ಚೆಂಡು ಕೋಲಿಗೆ ತಾಗಿದ್ದೇ ಗೊತ್ತಾಗದ ಹಾಗೆ ಹೋಯಿತು, ತಗ್ಗಾಗಿ ಹಾರಿ, ಗ್ರೀನಿನ ಮುಂದಿನ ಗುಂಡಿಯಲ್ಲಿ ಇಳಿದು ಏರಿ, ಗ್ರೀನಿನ ಮೇಲೆ ಹೋಗಿ ನಿಂತಿತು. ಕಿಟಕಿಗಳ ಹಿಂದಿನಿಂದ ಚಪ್ಪಾಳೆ ಕೇಳಿಸಿತು. ದೇವರೇ, ಎಷ್ಟು ಚೆಂದ, ಎಂದು ನಿನಿಯನ್ ಗಟ್ಟಿಯಾಗಿಯೇ ಅಂದ. ಇಷ್ಟು ಮಾಡುವ ಕೈ ಅಷ್ಟು ಮಾಡಲಾರದೆ?

ಡೂಗಲ್ ತಳ್ಳಿದ. ಈ ಸಲ ಅರ್ಧಕ್ಕೆ ನಿಲ್ಲಿಸಲಿಲ್ಲ, ಊರೆಲ್ಲ ನೋಡುತ್ತಿರುವಾಗ ನಿಲ್ಲಿಸಲು ಅವನಿಂದ ಆಗಲಿಲ್ಲ. ಒಳಗೇ ಬೀಳಿಸಬೇಕೆಂದು ತಳ್ಳಿದ್ದು. ಚೆಂಡು ಕುಳಿಯ ಅಂಚು ಸವರಿ ಒಂದು ಮೊಳ ಮುಂದೆ ಹೋಗಿ ನಿಂತಿತು. ಇದು ಬಿದ್ದರೆ ನಾಲ್ಕು, ಆಟ ಇವರದು, ಬಟ್ಟಲು ಅಂಗಡಿಯವರದು. ಗೆಲ್ಲಿಸುವ ಹೊಡೆತವನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಬೀಳಿಸಿ ತೋರಿಸು ಎಂದು ಎದುರಾಳಿ ಸುಮ್ಮನೆ ನಿಲ್ಲುತ್ತಾನೆ, ಅದೇ ಮರ್ಯಾದೆ. ಡೂಗಲ್ ಹಿಂದೆ ಸರಿದು ಟೋಪಿಯನ್ನು ಹಿಂಡುತ್ತಿದ್ದ. ನಿನಿಯನ್ ಚೆಂಡಿನ ಬಳಿ ನಡೆದ.

"ಎತ್ಕೋ ನಿನಿಯನ್," ಎಂದ ಹ್ಯೂಗೀ. "ಕೊಟ್ಟೆ."

"ಹ್ಯೂಗೀ!" ಎಂದ ಎಕ್.

"ಕೊಟ್ಟೆ ಅಂದ್ನಲ್ಲ. ಆಟ ಮುಗೀತು. ಬಾ, ಒಳಗೆ ಹೋಗಿ ಏನಾದ್ರೂ ಕುಡಿಯೋಣ."

ಎತ್ತಿಕೊಂಡರೆ ಆಯಿತು. ಬಗ್ಗಿ ಎತ್ತಿಕೊಂಡು, ಟೋಪಿ ತೆಗೆದು, ಕೈ ಕುಲುಕಿ, ಒಳಗೆ ಹೋದರೆ ಬೇಕರಿಯವನು ಬೆನ್ನು ತಟ್ಟುತ್ತಾನೆ. ಯಾರೂ ಏನೂ ಕೇಳುವುದಿಲ್ಲ, ಯಾಕೆ ಕೊಟ್ಟ ಎಂದು ಮಾತ್ರ ಎಲ್ಲರೂ ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಾರೆ. ಶನಿವಾರ ಕುರ್ಚಿಯ ಮುಂದೆ ಸಾಲು ಚಿಕ್ಕದಾಗಿರುತ್ತದೆ, ಮುಂದಿನ ಶನಿವಾರ ಇನ್ನೂ ಚಿಕ್ಕದು. ಎಲ್ಲರೂ ಅವನಿಗೆ ಏನೋ ಒಂದು ಕೊಡುತ್ತಲೇ ಇರುತ್ತಾರೆ, ಬೇಡ ಅನ್ನುವ ಹಾಗಿಲ್ಲ. ನಿನಿಯನ್ ಬಗ್ಗಲಿಲ್ಲ. ಕೋಲನ್ನು ಚೆಂಡಿನ ಹಿಂದೆ ಇಟ್ಟ. "ನಿನಿಯನ್, ಬೇಡ," ಎಂದು ಡೂಗಲ್ ಹತ್ತಿರ ಬಂದ. ಕೋಲು ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಬಲಗೈ ಎಗರಿತು. ಚೆಂಡು ಕುಳಿಯ ಪಕ್ಕದಿಂದ ಹಾದು, ಇಳಿಜಾರಿನಲ್ಲಿ ಉರುಳುತ್ತ ಉರುಳುತ್ತ, ಗ್ರೀನಿನಿಂದಲೇ ಆಚೆ ಹೋಯಿತು.

"ಯಾಕೋ ಹೊಡೆದೆ ಮಾರಾಯ?" ಹ್ಯೂಗೀಗೆ ನಿಜಕ್ಕೂ ಸಿಟ್ಟು ಬಂದಿತ್ತು. "ಕೊಟ್ಟಿದ್ನಲ್ಲ ನಾನು! ಗೆದ್ದಾಗಿತ್ತಲ್ಲ!"

"ಗೆದ್ದದ್ದು ಗೆದ್ದದ್ದೇ," ಎಂದ ನಿನಿಯನ್. "ಅದನ್ನ ಕೇಳ್ತಿಲ್ಲ. ನೋಡಿದೆಯಲ್ಲ ಕೈಯನ್ನ?"

"ನೋಡ್ದೆ."

"ಶನಿವಾರ ಬರ್ತೀಯಾ? ಗಡ್ಡಕ್ಕೆ?"

"ಈಗ್ಯಾಕೆ ಆ ಮಾತು, ಭಾವ," ಎಂದು ಡೂಗಲ್ ತೋಳು ಹಿಡಿದ. "ನೀನು ಸುಮ್ನಿರು ಡೂಗಲ್. ನೀನು ಕೆಮ್ಮಲಿಲ್ಲ," ಎಂದ ನಿನಿಯನ್. ಡೂಗಲ್ ತೋಳು ಬಿಟ್ಟ.

ಹ್ಯೂಗೀ ಸಮುದ್ರದ ಕಡೆ ನೋಡಿದ, ಅಲ್ಲಿ ಮಂಜು ಬಿಟ್ಟರೆ ಏನೂ ಇರಲಿಲ್ಲ. ಅವನ ಕೈ ಅವನಿಗೇ ತಿಳಿಯದೆ ಮೇಲಕ್ಕೆ ಹೋಗಿ ಬೆಳಿಗ್ಗೆಯ ನುಣುಪು ಇನ್ನೂ ಮಾಸಿರದ ಕತ್ತನ್ನು ಹಿಡಿದುಕೊಂಡಿತ್ತು. ನಿನಿಯನ್ ಅದನ್ನು ನೋಡುತ್ತಿರುವುದು ಗೊತ್ತಾದ ಕೂಡಲೇ ಕೈ ಕೆಳಗಿಳಿಯಿತು. ಬರ್ತೀನಿ ಕಣೋ, ಅದಕ್ಕೇನಂತೆ, ಎಂದು ಹೇಳಲು ಹ್ಯೂಗೀ ಬಾಯಿ ತೆರೆದದ್ದನ್ನು ನಿನಿಯನ್ ಕಂಡ. ತನ್ನ ಜೀವಮಾನದಲ್ಲಿ ಯಾವ ಹೊಡೆತಕ್ಕೂ ಇಷ್ಟು ಹೆದರಿರಲಿಲ್ಲ. ಹೇಳಬೇಡ, ಹ್ಯೂಗೀ, ಇದೊಂದನ್ನು ಕೊಡಬೇಡ.

"ಇಲ್ಲ," ಎಂದ ಹ್ಯೂಗೀ. "ಬರಲ್ಲ ನಿನಿಯನ್. ನಂಗೆ ಭಯ ಆಗುತ್ತೆ."

ಆ ಮಾತು ಎದೆಗೆ ನೇರವಾಗಿ ಬಂದು ಬಿತ್ತು. ನೋವಾಯಿತು, ತುಂಬ ನೋವಾಯಿತು, ಮೂವತ್ತು ವರ್ಷದ ಕೆಲಸ ಕೈಬಿಟ್ಟು ಹೋದದ್ದು ಕಣ್ಣೆದುರೇ ಕಂಡಿತು. ಆದರೆ ನೆಲ ಕಾಲಿನ ಕೆಳಗಿತ್ತು. ಹ್ಯೂಗೀ ಅವನ ಕಣ್ಣಿಗೆ ಕಣ್ಣಿಟ್ಟೇ ಹೇಳಿದ್ದ, ಬೆಳಿಗ್ಗೆ ಚರ್ಮ ಸುಲಿಯುತ್ತೇನೆ ಎಂದವನ ದನಿಯಲ್ಲಿ.

"ಕೂದಲಿಗೆ ಬರ್ತೀನಿ," ಎಂದ ಹ್ಯೂಗೀ.

"ಕತ್ತರಿಯೂ ಇದೇ ಕೈಯಲ್ಲೇ ಹಿಡಿಯೋದು. ಕಿವಿ ಹೋದೀತು."

"ಹೋದ್ರೆ ಹೋಗ್ಲಿ ಮಾರಾಯ. ಕಿವಿ ಎರಡಿದೆ."

ಎಕ್ ಬಾಯ್ಡ್‌ಗೆ ನಗು ತಡೆಯಲಾಗಲಿಲ್ಲ. ಅವನು ಶುರು ಮಾಡಿದ ಮೇಲೆ ಡೂಗಲ್ ಮೂಗು ಒರೆಸಿಕೊಳ್ಳುತ್ತ ನಕ್ಕ. ನಿನಿಯನ್ ನಗಲು ಹೋಗಿ ಅರ್ಧದಲ್ಲಿ ಮುಖ ತಿರುಗಿಸಿದ. ಯಾರೂ ಅವನ ಕಡೆ ಕೈ ಚಾಚಲಿಲ್ಲ, ಅವನು ತಾನಾಗಿ ಸರಿಹೋಗುವವರೆಗೆ ಮೂವರೂ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಅವನೂ ತನ್ನ ಟೋಪಿ ತೆಗೆದ, ಹ್ಯೂಗೀಗೆ ಬಲಗೈ ಕೊಟ್ಟ.